ಮಿಸೆಸ್ ಚನ್ನರಾಯಪಟ್ಟಣ ಕೊಲಾಬಾಕ್ಕೆ ಹೋಗಿಬಂದದ್ದು

ಚೆಂಬೂರು

ನಮ್ಮ ಬಂಧುಬಳಗದಲ್ಲಿ ಪರದೇಶಕ್ಕೆ ಹೋಗಿಬಂದವರು ಮೂವರಿದ್ದಾರೆ. ಅಲ್ಲಿಯ ರಸ್ತೆ ಎಷ್ಟು ಚೊಕ್ಕಟ, ಜನ ಎಷ್ಟು ಮೆತ್ತಗೆ ಮಾತಾಡುತ್ತಾರೆ, ನಲ್ಲಿಯಲ್ಲಿ ಬಿಸಿನೀರು ಹೇಗೆ ತಾನಾಗಿ ಬರುತ್ತದೆ ಎಂದು ಮೂವರೂ ವರ್ಷಗಟ್ಟಲೆ ನಮ್ಮ ಪ್ರಾಣ ತಿಂದರು. ಈಗ ನನ್ನ ಸರದಿ. ನಾನೂ ಹೋಗಿಬಂದಿದ್ದೇನೆ. ರಸ್ತೆ ಚೊಕ್ಕಟವಾಗಿರಲಿಲ್ಲ, ಮಿಕ್ಕ ಎರಡೂ ನಿಜ. ಪಾಸ್‌ಪೋರ್ಟ್ ಬೇಕಾಗಲಿಲ್ಲ, ವೀಸಾ ಯಾರೂ ಕೇಳಲಿಲ್ಲ, ಹಾರ್ಬರ್ ಲೈನಿನ ಸೆಕೆಂಡ್ ಕ್ಲಾಸ್ ಟಿಕೆಟ್ ಸಾಕಾಯಿತು. ನಾನು ಹೋದ ದೇಶದ ಹೆಸರು ಕೊಲಾಬಾ.

ನಗಬೇಡಿ. ಇದು ತೊಂಬತ್ತೊಂದನೆಯ ಇಸವಿಯ ಮಾತು. ಮೈಸೂರಿನಿಂದ ಮದುವೆಯಾಗಿ ಚೆಂಬೂರಿಗೆ ಬಂದು ನನಗೆ ಆಗ ಇಪ್ಪತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ಇದೇ ಊರಿನ ಇನ್ನೊಂದು ತುದಿಯ ಕೊಲಾಬಾ ಕಂಡದ್ದು ಮೂರೋ ನಾಲ್ಕೋ ಸಲ, ಅದೂ ಊರಿಂದ ಬಂದ ನೆಂಟರಿಗೆ ಗೇಟ್‌ವೇ ಆಫ್ ಇಂಡಿಯಾ ತೋರಿಸಲು. ತೋರಿಸಿ, ಕಡಲೆಕಾಯಿ ತಿನ್ನಿಸಿ, ಕತ್ತಲಾಗುವ ಮೊದಲು ವಾಪಸು ಕರೆತರುವುದು. ಅಲ್ಲಿ ಜನ ವಾಸವಾಗಿರುತ್ತಾರೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಹೋಗಲು ಕಾರಣ ನಮ್ಮ ಒಬ್ಬಳೇ ಮಗಳು ಮಾಲಿನಿ. ಮೂರು ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದಳು. ಮೈಸೂರಿನ ನೆಂಟರಿಗೆ ಬರೆದ ಕಾಗದಗಳಲ್ಲಿ ನಾನು ಮೊದಲನೆಯ ಪದ ಬಿಟ್ಟು ಎರಡನೆಯದನ್ನು ಮಾತ್ರ ಬರೆಯುತ್ತಿದ್ದೆ. ಅದು ಸುಳ್ಳಲ್ಲ, ಸಂಕ್ಷೇಪ. ಮುನಿಸಿಪಲ್ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಸಂಕ್ಷೇಪ ಚೆನ್ನಾಗಿ ಬರುತ್ತದೆ. ನಮ್ಮ ಜನಕ್ಕೆ ಹೋಟೆಲ್ ಎಂದರೆ ಇಡ್ಲಿ, ಬಿಲ್ಲು ಮತ್ತು ಟೇಬಲ್ ಒರೆಸುವ ಬಟ್ಟೆ. ಹೋಟೆಲಿನಲ್ಲಿ ಕೆಲಸ ಎಂದರೆ ಆ ಬಟ್ಟೆ ಹಿಡಿದವರು. ಕೆಲಸ ಸಿಕ್ಕ ಮೇಲೆ ನನ್ನ ಕಷ್ಟ ಇನ್ನೂ ಹೆಚ್ಚಾಯಿತು. ಅವಳ ಪಾಲಿಗೆ ಬಂದದ್ದು ಕೋಣೆಗಳ ಕೆಲಸ. ಹಾಸಿಗೆ ಹಾಸುವುದು, ಬಚ್ಚಲು ತೊಳೆಯುವುದು, ಗಿರಾಕಿ ಬಿಸಾಡಿದ್ದನ್ನು ಎತ್ತುವುದು. ಇದಕ್ಕೆ ಮೂರು ವರ್ಷದ ಓದು, ಮೇಲೊಂದು ಡಿಪ್ಲೊಮಾ. ನಾನು ಇದನ್ನೇ ಫೀಸು ಕಟ್ಟದೆ ಜೀವಮಾನವಿಡೀ ಮಾಡಿದ್ದೇನೆ, ನನಗೆ ಯಾರೂ ಡಿಪ್ಲೊಮಾ ಕೊಡಲಿಲ್ಲ. ನಾಚಿಕೆಯಾಗುತ್ತಿತ್ತು, ಹೌದು. ಮಗಳೆದುರು ಹೇಳುತ್ತಿರಲಿಲ್ಲ, ಅಷ್ಟೆ.

ಅವಳು ಸೇರಿದ್ದು ಬುಟೀಕ್ ಹೋಟೆಲ್ ಅಂತೆ. ಚೆಂಬೂರಿನಲ್ಲಿ ಬುಟೀಕ್ ಎಂದರೆ ಚೂಡಿದಾರ ಹೊಲಿಯುವ ಅಂಗಡಿ. ಸುದ್ದಿ ಕೇಳಿದ ಪಕ್ಕದ ಮನೆಯ ಕಾಮಾಕ್ಷಿ ಮಾಮಿ ಎರಡು ಬ್ಲೌಸ್ ಪೀಸು, ಅಳತೆಗೊಂದು ಹಳೆಯ ಬ್ಲೌಸು ತಂದುಕೊಟ್ಟು, ತೋಳಿಗೆ ಬಾರ್ಡರ್ ಬರಲಿ ಎಂದರು. ಇದು ಹನ್ನೆರಡೇ ಕೋಣೆಯ, ಶ್ರೀಮಂತರು ಉಳಿದುಕೊಳ್ಳುವ ಪುಟ್ಟ ಹೋಟೆಲು ಎಂದು ಮಾಲಿನಿ ವಿವರಿಸಿದಳು. ದೊಡ್ಡ ಹೋಟೆಲಿಗಿಂತ ಚಿಕ್ಕದು, ಅದಕ್ಕಿಂತ ದುಬಾರಿ. ಹೀಗೂ ಒಂದು ವ್ಯಾಪಾರ ಉಂಟೆಂದು ಮಾಮಿ ಕೊನೆಗೂ ಒಪ್ಪಲಿಲ್ಲ.

ಹೋಟೆಲ್ ಮುಂದಿನ ತಿಂಗಳು ತೆರೆಯುವುದಿತ್ತು. ಅದಕ್ಕೆ ಮೊದಲು ಎಲ್ಲ ಕೋಣೆಗಳಲ್ಲೂ ಎರಡು ರಾತ್ರಿ ಪುಕ್ಕಟೆ ಗಿರಾಕಿಗಳನ್ನು ಇಟ್ಟು ಪರೀಕ್ಷಿಸುವುದು ಈ ದಂಧೆಯ ಪದ್ಧತಿಯಂತೆ. ಕೆಲಸದವರೇ ತಮ್ಮ ಕಡೆಯ ಇಬ್ಬಿಬ್ಬರನ್ನು ಕಳಿಸಬೇಕು. ಯಾರು ಯಾರ ಕಡೆಯವರೆಂದು ಯಜಮಾನಿಗೆ ತಿಳಿಯಕೂಡದು, ಕೋಣೆಯನ್ನು ಚೀಟಿ ಎತ್ತಿ ಕೊಡುತ್ತಾರೆ, ಗುರುತು ಪರಿಚಯ ತೋರಿಸುವಂತಿಲ್ಲ. ಕೋಣೆಗಳ ಕೆಲಸಕ್ಕೆ ನಾಲ್ಕು ಹುಡುಗಿಯರನ್ನು ತೆಗೆದುಕೊಂಡಿದ್ದಾರೆ, ಈ ಪರೀಕ್ಷೆ ಮುಗಿದ ಮೇಲೆ ಇಬ್ಬರನ್ನು ಉಳಿಸಿಕೊಂಡು ಇಬ್ಬರನ್ನು ಮನೆಗೆ ಕಳಿಸುತ್ತಾರೆ. ಮಾಲಿನಿ ಇದನ್ನೆಲ್ಲ ಹೇಳಿ ನನ್ನ ಕಡೆ ಬೆರಳು ತೋರಿಸಿದಳು. ಅವಳ ಅಪ್ಪನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಅವರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು, ಕೂರಿಸಿದಲ್ಲಿ ಕೂರುವವರು.

‘ಅಮ್ಮಾ, ನೀನು ಅಲ್ಲಿ ಕುಛ್ ಮಾಡಬೇಡ. ಬಸ್, ಗೆಸ್ಟ್ ಥರ ಇರು,’ ಎಂದಳು.

ಗೆಸ್ಟ್ ಥರ ಇರುವುದರಲ್ಲಿ ಏನು ಕಷ್ಟ ಎಂದುಕೊಂಡು ನಾನು ಚಟ್ನಿಪುಡಿ, ಅವಲಕ್ಕಿ, ಸ್ನಾನಕ್ಕೊಂದು ಚೊಂಬು, ನೆಲ ಒರೆಸಲು ಹಳೆಯ ಪಂಚೆಯ ತುಂಡು ಎಲ್ಲ ಕಟ್ಟಿಕೊಂಡೆ.

ವಿ.ಟಿ.

ಗಡಿ ಎಲ್ಲಿ ಬರುತ್ತದೆಂದು ನೋಡುತ್ತ ಕೂತಿದ್ದೆ. ಕುರ್ಲಾದಲ್ಲಿ ಬರಲಿಲ್ಲ, ವಡಾಲಾದಲ್ಲೂ ಬರಲಿಲ್ಲ. ಕೊನೆಯ ಸ್ಟೇಷನ್ನಾದ ವಿ.ಟಿ.ಯಲ್ಲಿ ಇಳಿದು ಟ್ಯಾಕ್ಸಿ ಹಿಡಿದಾಗ ಗೊತ್ತಾಯಿತು. ಚೆಂಬೂರಿನಿಂದ ಬಂದೆವೆಂದು ಮಾತಿಗೆ ಹೇಳಿದರೆ ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ದಿನ ಹಿಡಿಯಿತು ಎನ್ನುವ ಮುಖ ಮಾಡಿದ.

ಹೋಟೆಲಿನ ಗಲ್ಲಿ ಕಾಸ್‌ವೇ ಎಂಬ ಅಂಗಡಿಬೀದಿಯ ಹಿಂದುಗಡೆ. ಅಲ್ಲಿಯ ಮೂಲನಿವಾಸಿಗಳು ಮೂರು ಬಗೆ. ಮೊದಲನೆಯವರು ಬಿಳಿಯರು. ಬರಿಗಾಲು, ಹರಿದ ಜುಬ್ಬಾ, ಎಣ್ಣೆ ಕಾಣದ ಕೂದಲು. ಚೆಂಬೂರಿನಲ್ಲಿ ಇಂಥವರು ಎದುರು ಬಂದರೆ ಪರ್ಸು ತೆರೆದು ಚಿಲ್ಲರೆ ಹುಡುಕುತ್ತೇವೆ. ಇಲ್ಲಿ ಅವರೇ ಕೈಮುಗಿದು ನಮಸ್ತೆ ಎಂದರು. ಎರಡನೆಯವರು ಕಲಾವಿದರು. ಇವರು ಹಗಲು ಹನ್ನೊಂದಕ್ಕೆ ಎದ್ದು ಇರಾನಿ ಹೋಟೆಲಿನ ಒಂದೇ ಚಹಾದ ಮುಂದೆ ಮಧ್ಯಾಹ್ನದವರೆಗೆ ಜಗತ್ತಿನ ಬಗ್ಗೆ ಬೇಸರಪಡುತ್ತಾರೆ. ಮೂರನೆಯವರು ಇವರಿಬ್ಬರಿಗೂ ಹಳೆಯ ಸಾಮಾನು ಮಾರುವವರು. ಒಂದು ಅಂಗಡಿಯ ಗಾಜಿನ ಹಿಂದೆ ಲೈಟು ಬಿಟ್ಟು ಒಂದು ರುಬ್ಬುಗುಂಡು ಇಟ್ಟಿದ್ದರು. ಕಲ್ಲಿಲ್ಲ, ಬರೀ ಗುಂಡು. ಅದನ್ನು ಮನೆಯಲ್ಲಿ ಇಟ್ಟುಕೊಂಡು ನೋಡುತ್ತಾರಂತೆ. ನಾನು ಇಪ್ಪತ್ತು ವರ್ಷ ತಿರುಗಿಸಿದೆ, ಒಮ್ಮೆಯೂ ನೋಡಬೇಕೆನಿಸಲಿಲ್ಲ.

ಫುಟ್‌ಪಾತಿನಲ್ಲಿ ಗಡ್ಡದವನೊಬ್ಬ ದೊಡ್ಡ ಕ್ಯಾನ್ವಾಸಿಗೆ ಮೂರು ಕರಿಗೆರೆ ಎಳೆದು ಒರಗಿಸಿಕೊಂಡಿದ್ದ. ನಮ್ಮವರು ನಿಂತು ಬಹಳ ಹೊತ್ತು ನೋಡಿದರು. ಇವರಿಗೂ ಕಲೆ ಹತ್ತಿತೇ ಎಂದು ನಾನು ಗಾಬರಿಯಾದೆ. ಮೂರು ಗೆರೆಯಲ್ಲಿ ಒಂದೂ ನೇರವಾಗಿಲ್ಲ, ಕೈಯಲ್ಲಿ ಸ್ಕೇಲಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು ಎಂದು ಅವರು ಮೆಲ್ಲಗೆ ಹೇಳಿ ಮುಂದೆ ನಡೆದರು.

ಕೊಲಾಬಾ, ಮೊದಲ ದಿನ

ಬಾಗಿಲಲ್ಲಿ ಕೇಸರಿ ರುಮಾಲು, ಮೊಣಕಾಲವರೆಗಿನ ಕೋಟು ತೊಟ್ಟ, ಐವತ್ತು ದಾಟಿದ ಮೀಸೆಯ ಮನುಷ್ಯ ನಿಂತಿದ್ದ. ನಾವು ನಮ್ಮೊಳಗೆ ಆಡಿದ ಮಾತು ಕೇಳಿ ಸೆಲ್ಯೂಟು ಹೊಡೆಯುತ್ತಲೇ ಪಿಸುಗುಟ್ಟಿದ: ‘ಏನ್ರಿ ಅಕ್ಕಾರ, ನಮ್ಮ ಕಡ್ಯಾವ್ರೇನ್ರಿ?’ ಹೆಸರು ಸಿದ್ದಪ್ಪ, ವಿಜಾಪುರದ ಕಡೆಯವನು. ಇದೇ ಕಟ್ಟಡದ ರಿಪೇರಿಗೆ ಗಾರೆ ಹೊರಲು ಬಂದಿದ್ದನಂತೆ. ಅವನ ಮೀಸೆ ಯಜಮಾನಿಗೆ ಹಿಡಿಸಿ, ಗಾರೆಬುಟ್ಟಿ ಕೆಳಗಿಡಿಸಿ ರುಮಾಲು ಕಟ್ಟಿ ನಿಲ್ಲಿಸಿದರಂತೆ.

ಒಳಗೆ ಕೌಂಟರಿನ ಹುಡುಗಿ ನಮ್ಮವರ ಹೆಸರು ಕೇಳಿದಳು. ಸಿ. ಎಸ್. ಪದ್ಮನಾಭ ಎಂದರು. ಸರ್‌ನೇಮ್ ಬೇಕೆಂದಳು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹಳೇ ಮೈಸೂರಿನವರಿಗೆ ಸರ್‌ನೇಮ್ ಇಲ್ಲ. ಈ ಊರಿನಲ್ಲಿ ಸರ್‌ನೇಮ್ ಇಲ್ಲದವನು ಬಾಲವಿಲ್ಲದ ದನದ ಹಾಗೆ, ಎಲ್ಲರೂ ತಿರುಗಿ ನೋಡುತ್ತಾರೆ. ಎಸ್ ಎಂದರೆ ತಂದೆ ಶ್ರೀನಿವಾಸಯ್ಯ ಎಂದರು, ಅವಳು ತಲೆಯಾಡಿಸಿದಳು. ಸಿ ಎಂದರೆ ಚನ್ನರಾಯಪಟ್ಟಣ ಎಂದದ್ದೇ ತಡ, ಹುಡುಗಿ ಸಮಾಧಾನದ ಉಸಿರು ಬಿಟ್ಟು ಅದನ್ನೇ ಬರೆದುಕೊಂಡಳು. ಹೀಗೆ ನಾಲ್ಕನೆಯ ವಯಸ್ಸಿಗೆ ಬಿಟ್ಟುಬಂದ ಊರು ಐವತ್ನಾಲ್ಕನೆಯ ವಯಸ್ಸಿಗೆ ನಮ್ಮವರ ಮನೆತನವಾಯಿತು. ಒಳ್ಳೆಯದೇ ಆಯಿತು. ಮಗಳ ಹೆಸರು ಶಾಲೆಯಿಂದಲೂ ಮಾಲಿನಿ ಪದ್ಮನಾಭ. ಮಿಸ್ಟರ್ ಮತ್ತು ಮಿಸೆಸ್ ಚನ್ನರಾಯಪಟ್ಟಣಕ್ಕೂ ಆ ಹುಡುಗಿಗೂ ಯಾವ ಸಂಬಂಧವೂ ಕಾಣುವಂತಿರಲಿಲ್ಲ.

ಕೋಣೆಗಳಿಗೆ ನಂಬರಿಲ್ಲ, ಹಣ್ಣಿನ ಹೆಸರು. ನಮ್ಮದು ಚಿಕ್ಕೂ, ಅಂದರೆ ಸಪೋಟ. ಮೂರು ಗೋಡೆಗೆ ಬಣ್ಣ, ನಾಲ್ಕನೆಯದರಲ್ಲಿ ಗಾರೆಯೇ ಇಲ್ಲದೆ ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗೋಡೆ ಹೀಗಾದರೆ ಸೆಕ್ರೆಟರಿಯ ಮನೆ ಮುಂದೆ ಜನ ಸೇರುತ್ತಾರೆ. ಪೆಟ್ಟಿಗೆ ತಂದ ಸಿದ್ದಪ್ಪನನ್ನು ಕೇಳಿದೆ. ‘ಗಿಲಾವ್ ಮಾಡಿದವನೂ ನಾನs, ಆಮ್ಯಾಗ ಕೆತ್ತಿ ತಗದವನೂ ನಾನs ರೀ ಅಕ್ಕಾರ,’ ಎಂದ. ಇಟ್ಟಿಗೆ ಕಂಡರೆ ಚೆಂದ ಎಂದು ಮೇಡಂ ಹೇಳಿದರಂತೆ. ಎರಡು ಕೆಲಸಕ್ಕೂ ಕೂಲಿ ಕೊಟ್ಟ ಮೇಲೆ ಚೆಂದವೋ ಅಲ್ಲವೋ ಅವನಿಗೇನು.

ಮೇಡಂ ಎಂದರೆ ಯಜಮಾನಿ ಫ್ರೆನಿ ಮೇಡಂ. ಅರುವತ್ತರ ಹತ್ತಿರದವರು, ಪ್ಯಾರಿಸ್ಸಿನಲ್ಲಿ ಬಹಳ ವರ್ಷ ಇದ್ದು ತವರಿನ ಬಂಗಲೆಯನ್ನು ಹೋಟೆಲ್ ಮಾಡಿದವರು. ಕೈಯಲ್ಲಿ ಸಿಗರೇಟು, ಬಣ್ಣಗೆಟ್ಟ ಖಾದಿ, ಒಂದೇ ಕಾಲಿಗೆ ಬೆಳ್ಳಿ ಗೆಜ್ಜೆ. ಇನ್ನೊಂದು ಎಲ್ಲಿ ಕಳೆಯಿತೋ ಎಂದು ನನಗೆ ಇದ್ದಷ್ಟು ದಿನವೂ ಮನಸ್ಸಿನಲ್ಲಿ ಕೊರೆಯಿತು. ಅವರು ಬಂದು ಇದನ್ನು ಸ್ವಂತ ಮನೆಯೆಂದೇ ತಿಳಿಯಿರಿ ಎಂದು ಹೇಳಿಹೋದರು. ಆ ಮಾತನ್ನು ನಾನು ನಂಬಿದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಹಾ ಕಪ್ಪಿನಲ್ಲಿ ನಾಲ್ಕು ಚಮಚ ತಿಳಿಸಾರು, ಮೇಲೆ ಕರಿದ ಒಂದು ಕರಿಬೇವಿನೆಲೆ, ಅದಕ್ಕೊಂದು ಫ್ರೆಂಚ್ ಹೆಸರು. ನಮ್ಮವರು ಕಲಸಿಕೊಳ್ಳಲು ಅನ್ನ ಕೇಳಿದರು. ಇದನ್ನು ಕಲಸುವುದಿಲ್ಲ, ಹೀರುತ್ತಾರೆ ಎಂದು ಬಡಿಸುವವನು ಮರುಕದಿಂದ ತಿಳಿಸಿದ. ಕೋಣೆಗೆ ಬಂದು ಅವಲಕ್ಕಿಗೆ ಚಟ್ನಿಪುಡಿ ಹಾಕಿಕೊಂಡು ತಿಂದೆವು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮಾಲಿನಿ. ಬೂದುಬಣ್ಣದ ಅಂಗಿ, ಬಿಗಿದು ಕಟ್ಟಿದ ಕೂದಲು, ತೋಳಿನ ಮೇಲೆ ಮಡಿಸಿದ ಬಿಳಿ ಬಟ್ಟೆ. ಚೀಟಿಯಲ್ಲಿ ನಮಗೆ ಅವಳದೇ ಮಹಡಿ ಬಂದಿತ್ತು. ‘ಗುಡ್ ಈವನಿಂಗ್, ಮಿಸೆಸ್ ಚನ್ನರಾಯಪಟ್ಟಣ,’ ಎಂದಳು, ಒಂದು ಕೂದಲೂ ಅಲುಗಿಸದೆ. ನಮ್ಮವರು ಬಾ ಎನ್ನಲು ಬಾಯಿ ತೆರೆದು ಅದನ್ನು ಆಕಳಿಕೆ ಮಾಡಿ ಮುಗಿಸಿದರು. ಅವಳು ಪರದೆ ಎಳೆದು, ಹೊದಿಕೆಯ ಮೂಲೆ ಮಡಿಸಿ, ನನ್ನ ಚಪ್ಪಲಿಯನ್ನು ಬಗ್ಗಿ ಎತ್ತಿ ಜೋಡಿಸಿಟ್ಟಳು. ನನ್ನ ಮಗಳು ಯಾರದೋ ಮನೆಯಲ್ಲಿ, ಯಾರದೋ ಸಂಬಳಕ್ಕೆ, ನನ್ನ ಚಪ್ಪಲಿ ಮುಟ್ಟಿದಳು.

ಎರಡನೆಯ ದಿನ

ಐದಕ್ಕೆ ಎದ್ದೆ. ಚೊಂಬಿನಲ್ಲಿ ಸ್ನಾನ ಮಾಡಿ, ಬಚ್ಚಲು ತಿಕ್ಕಿ ತೊಳೆದು, ಪಂಚೆಯ ತುಂಡಿನಿಂದ ಒಣಗುವವರೆಗೆ ಒರೆಸಿದೆ. ಅವರ ನಾಲ್ಕು ಬಿಳಿ ಟವೆಲ್ಲುಗಳನ್ನು ನನ್ನದೇ ಸೋಪಿನಲ್ಲಿ ಒಗೆದು, ಹಿಂಡಿ, ಬಾಲ್ಕನಿಯ ಕಂಬಿಗೆ ಹರಡಿದೆ. ಹಾಸಿಗೆಯ ಬಟ್ಟೆಯನ್ನೆಲ್ಲ ತೆಗೆದು ಕೊಡವಿ, ನಾಲ್ಕು ಮಡಿಕೆ ಮಾಡಿ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ, ತಲೆದೆಸೆಗೆ ಇಟ್ಟೆ. ಚೆಂಬೂರಿನ ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ಹಗಲು ಹಾಸಿಗೆ ಕಾಣಿಸುವುದು ಕಾಯಿಲೆಯವರ ಮನೆಯಲ್ಲಿ ಮಾತ್ರ. ಅಭ್ಯಾಸದಿಂದ ಮಾಡಿದೆ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಬರೀ ಅಭ್ಯಾಸವಲ್ಲ. ನಾನು ಮಲಗೆದ್ದ ಹಾಸಿಗೆಯನ್ನು ನನ್ನ ಮಗಳು ಕೂಲಿಯವಳ ಹಾಗೆ ಎತ್ತುವುದು ನನಗೆ ಬೇಡವಾಗಿತ್ತು.

ಎಲ್ಲ ಮುಗಿಸಿ, ಮೇಡಂ ನೋಡಿದರೆ ಮೆಚ್ಚಿಕೊಂಡಾರು ಎಂಬ ಹೆಮ್ಮೆಯಲ್ಲಿ ಇಬ್ಬರೂ ಗೇಟ್‌ವೇ ಕಡೆ ತಿರುಗಾಡಲು ಹೋದೆವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಯಾವ ನೆಂಟರೂ ಜೊತೆಗಿಲ್ಲದೆ ಸಮುದ್ರ ನೋಡಿದೆ. ಚೆನ್ನಾಗಿದೆ.

ವಾಪಸು ಬಂದಾಗ ಸಿದ್ದಪ್ಪ ಸೆಲ್ಯೂಟು ಹೊಡೆಯಲಿಲ್ಲ. ನಮ್ಮನ್ನು ಮೆಟ್ಟಿಲ ಪಕ್ಕಕ್ಕೆ ಕರೆದ. ನಾವು ಹೊರಟ ಸ್ವಲ್ಪ ಹೊತ್ತಿಗೆ ಫ್ರೆನಿ ಮೇಡಂ ಮಹಡಿಯ ತನಿಖೆಗೆ ಬಂದರಂತೆ. ಚಿಕ್ಕೂ ಕೋಣೆಯಲ್ಲಿ ಮಂಚ ಬೋಳಾಗಿತ್ತು, ಬಾಲ್ಕನಿಯ ಕಂಬಿಯಿಂದ ಟವೆಲ್ಲುಗಳು ಬೀದಿಗೆ ನೀರು ತೊಟ್ಟಿಕ್ಕಿಸುತ್ತಿದ್ದವು. ಈ ಮಹಡಿಯ ಹುಡುಗಿ ಅರ್ಧ ಕೆಲಸ ಮಾಡಿ ಓಡಿಹೋಗಿದ್ದಾಳೆ, ನನ್ನ ಬಂಗಲೆಯನ್ನು ಧೋಬಿಘಾಟ್ ಮಾಡಿದ್ದಾಳೆ ಎಂದು ಮೇಡಂ ಎಲ್ಲರೆದುರು ಅಂದರು. ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ನಾಳೆ ಬೆಳಗ್ಗೆ ಕೊನೆಯ ತನಿಖೆ, ಅದರಲ್ಲಿ ಇನ್ನೊಂದು ಗೆರೆ ಬಿದ್ದರೆ ಕೆಲಸ ಹೋದ ಹಾಗೆ.

‘ಆಕಿ ಏನಂದ್ಲು?’ ಎಂದು ನಾನು ಅವನ ಮಾತಿನಲ್ಲೇ ಕೇಳಿಬಿಟ್ಟೆ.

‘ಸಾರಿ ಮೇಡಂ ಅಂದ್ಲ್ರಿ. ಮತ್ತೇನೂ ಅನ್ಲಿಲ್ಲ.’ ರುಮಾಲು ಸರಿಪಡಿಸಿಕೊಂಡು ಹೇಳಿದ: ‘ನಿಮ್ಮ ಮಗಳಂತ ನನಗ ನಿನ್ನೇನs ಗೊತ್ತಾತ್ರಿ. ಮೂಗು ಅದs ಐತಲ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.’

ಆಗಲೇ ಹೋಗಿ ಮೇಡಮ್ಮಿಗೆ ನಿಜ ಹೇಳುತ್ತೇನೆಂದು ಹೊರಟೆ. ನಮ್ಮವರು ತಡೆದರು. ಪರಿಚಯವಿಲ್ಲದ ಹುಡುಗಿಗಾಗಿ ಗಿರಾಕಿ ಹೋಗಿ ಅತ್ತರೆ ಯಾರಿಗಾದರೂ ಅನುಮಾನ ಬರುತ್ತದೆ, ಆಮೇಲೆ ಸಂಬಂಧ ಮುಚ್ಚಿಟ್ಟು ಅವಳಿಗೆ ಅನುಕೂಲ ಮಾಡಿದರೆಂದು ಇನ್ನೊಂದು ಗೆರೆ ಎಳೆಯುತ್ತಾರೆ ಎಂದರು. ಗೆರೆಯ ವಿಷಯದಲ್ಲಿ ಅವರ ಮಾತಿಗೆ ನಾನು ಎದುರಾಡುವುದಿಲ್ಲ.

ಅದೇ ಸಂಜೆ, ಚಿಕ್ಕೂ ಕೋಣೆ

ಪರದೆ ಎಳೆಯುವ ಹೊತ್ತಿಗೆ ಮಾಲಿನಿ ಬಂದಳು. ಕೆಲಸ ಮಾಡುವಾಗ ಬಾಗಿಲು ತೆರೆದಿರಬೇಕೆಂಬ ನಿಯಮ. ಅವಳು ಕಿಟಕಿಯ ಕಡೆ ಮುಖ ಮಾಡಿ, ಪರದೆಯ ಜೊತೆ ಮಾತಾಡುವವಳ ಹಾಗೆ ಕೇಳಿದಳು:

‘ಯಾಕಮ್ಮ ಮಾಡಿದೆ?’

‘ನನ್ನ ಹಾಸಿಗೆ ನೀನು ಎತ್ತಬಾರದು ಅಂತ.’

‘ಅದೇ ನನ್ನ ಕೆಲಸ ಅಮ್ಮ.’

ನನ್ನ ಬಾಯಿ ಸುಮ್ಮನಿರಬೇಕಿತ್ತು. ಇದೂ ಒಂದು ಕೆಲಸವೇ, ಇದಕ್ಕೆ ನಿನ್ನನ್ನು ಓದಿಸಬೇಕಿತ್ತೇ, ಬಿಟ್ಟು ಬಾ, ಬ್ಯಾಂಕಿನ ಪರೀಕ್ಷೆ ಕಟ್ಟು ಎಂದೆ. ಅವಳು ತಿರುಗಿದಳು. ಅತ್ತು ಕೆಂಪಾದ ಮುಖ ಕಾಣುತ್ತದೆಂದು ಭಾವಿಸಿದ್ದೆ. ಅವಳು ಅತ್ತಿರಲಿಲ್ಲ, ಸಿಟ್ಟಾಗಿದ್ದಳು.

‘ಶರಮ್ ನಿಂಗೆ ಆಗೋದು, ನಂಗಲ್ಲ. ನೀನು ಮೈಸೂರ್ ಅಜ್ಜಿಗೆ ಏನು ಬರೀತಿ, ನಂಗೆ ಮಾಲೂಮ್ ಇದೆ. ನಾನು ಯಾರಿಗೂ ಸುಳ್ಳು ಹೇಳಿಲ್ಲ.’

ನಾನು ಕಾಗದ ಬರೆಯುವಾಗ ಅವಳು ಓದುವುದಿಲ್ಲ ಎಂದುಕೊಂಡಿದ್ದೆ. ಕನ್ನಡ ಮಾತೇ ತೊದಲುತ್ತಾಳೆ, ಓದು ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಅದನ್ನು ಅವಳಿಗೆ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದವಳು ನಾನೇ ಎಂಬುದು ಮರೆತುಹೋಗಿತ್ತು. ಮಂಚದ ಅಂಚು ಹಿಡಿದು ಕೂತೆ.

ಅವಳು ಹೊದಿಕೆಯ ಮೂಲೆ ಮಡಿಸಿದಳು. ನಾಳೆಯ ತನಿಖೆಗೆ ಮೇಡಂ ಗೆಸ್ಟ್ ಇರುವಾಗಲೇ ಕೋಣೆ ಮಾಡಿಸಿ ನೋಡುತ್ತಾರೆ ಎಂದಳು. ಕೋಣೆ ಸರಿಯಾಗಿ ಕೆಟ್ಟಿರಬೇಕು, ಕೆಡದ ಕೋಣೆಯಲ್ಲಿ ತೋರಿಸಲು ಏನೂ ಇರುವುದಿಲ್ಲ. ‘ಗಲೀಜು ಮಾಡಿಡು. ಫುಲ್ ಗಲೀಜು. ಅಷ್ಟು ಮಾಡ್ತೀಯಾ?’

ಹೂಂ ಎಂದೆ. ‘ಗುಡ್ ನೈಟ್, ಮಿಸೆಸ್ ಚನ್ನರಾಯಪಟ್ಟಣ,’ ಎಂದು ಬಾಗಿಲ ಹೊರಗೂ ಕೇಳುವಂತೆ ಹೇಳಿ ಹೋದಳು.

ಮೂರನೆಯ ದಿನ

ಕೋಣೆ ಕೆಡಿಸುವುದು ಎಷ್ಟು ಕಷ್ಟವೆಂದು ಕೆಡಿಸಿ ನೋಡಿದವರಿಗೇ ಗೊತ್ತು. ಹುಟ್ಟು ಶ್ರೀಮಂತರಿಗೆ ಇದು ರಕ್ತದಲ್ಲೇ ಬಂದಿರುತ್ತದೆ. ನಮ್ಮಂಥವರು ಕಲಿತು ಮಾಡಬೇಕು. ನಮ್ಮವರು ಹಾಸಿಗೆಯ ಬಟ್ಟೆಯನ್ನು ಮುದ್ದೆ ಮಾಡಿದರು, ನೋಡಿದರು, ಮುದ್ದೆಯನ್ನು ಮಂಚದ ನಡುಮಧ್ಯಕ್ಕೆ ಸರಿಸಿದರು. ಅದು ಮುದ್ದೆಯ ನಕ್ಷೆಯ ಹಾಗೆ ಕಂಡಿತು. ದಿಂಬು ಎಸೆಯಿರಿ ಎಂದರೆ ಎರಡೂ ಕೈಯಲ್ಲಿ ಹಿಡಿದು ಹೋಗಿ ಮೂಲೆಯಲ್ಲಿ ಇಟ್ಟುಬಂದರು. ಪೇಪರನ್ನು ಹಾಳೆ ಹಾಳೆಯಾಗಿ ಹರಡಿ, ಅಭ್ಯಾಸಬಲದಿಂದ ಪುಟಸಂಖ್ಯೆಯ ಪ್ರಕಾರ ಹರಡಿದ್ದರು. ನಾನು ಲೋಟದ ನೀರು ನೆಲಕ್ಕೆ ಚೆಲ್ಲಿದೆ. ಎರಡು ನಿಮಿಷದಲ್ಲಿ ನೋಡಿದರೆ ನೆಲ ಒಣಗಿದೆ, ಪಂಚೆಯ ತುಂಡು ನನ್ನ ಕೈಯಲ್ಲಿದೆ. ನಮ್ಮವರು ಅದನ್ನು ಕಿತ್ತುಕೊಂಡು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು.

ಕೊನೆಗೆ ಉಳಿದದ್ದು ಟವೆಲ್ಲು. ಸ್ನಾನ ಮಾಡಿದ ಒದ್ದೆ ಟವೆಲ್ಲನ್ನು ನೆಲದ ಮೇಲೆ ಬಿಸಾಡಬೇಕು. ಬಿಸಾಡಿದೆ, ಎತ್ತಿಕೊಂಡೆ. ಮತ್ತೆ ಬಿಸಾಡಿ ಮತ್ತೆ ಎತ್ತಿಕೊಂಡೆ. ಮೂರನೆಯ ಸಲ ಬಿಸಾಡಿ, ಅದರ ಎದುರಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತೆ. ಅಷ್ಟರಲ್ಲಿ ಬಾಗಿಲು ತಟ್ಟಿದರು.

ಫ್ರೆನಿ ಮೇಡಂ ಕೈಯಲ್ಲಿ ಪುಸ್ತಕ ಹಿಡಿದು ಬಂದು ಕಿಟಕಿಯ ಕಟ್ಟೆಯ ಮೇಲೆ ಕಾಲಿಟ್ಟು ಕೂತರು. ಹಿಂದೆ ಮಾಲಿನಿ. ಈ ಹುಡುಗಿ ಕೆಲಸ ಮಾಡುವುದನ್ನು ನೋಡಬೇಕು, ನಿಮಗೆ ತೊಂದರೆಯಿಲ್ಲವಷ್ಟೆ ಎಂದು ಕೇಳಿದರು. ಇಲ್ಲವೆಂದೆವು.

ಮಾಲಿನಿ ಮೊದಲು ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ಆಮೇಲೆ ಅವಳಿಗೆ ನಾವು ಯಾರೂ ಇರಲಿಲ್ಲ. ಹಾಸಿಗೆಯ ಬಟ್ಟೆ ಒಂದೇ ಎಳೆತಕ್ಕೆ ಬಂತು. ಹೊಸದನ್ನು ಎರಡು ಮೂಲೆ ಹಿಡಿದು ಒಮ್ಮೆ ಬೀಸಿದಳು. ಅದು ಗಾಳಿಯಲ್ಲಿ ಅಗಲವಾಗಿ ತೆರೆದು, ಮಂಚದ ನಾಲ್ಕು ಅಂಚಿಗೂ ಸಮನಾಗಿ ಇಳಿಯಿತು. ನಾನು ದಿನಾ ಹಾಸಿಗೆ ಹಾಸಿದವಳು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲದೆ, ಸುತ್ತು ಹೊಡೆದು ಹೊಡೆದು ಬೇಸತ್ತವಳು. ಅವಳು ಒಂದೇ ಸುತ್ತು ಬಂದಳು. ಮೂಲೆಗಳನ್ನು ಮಡಿಸಿ ಒಳಗೆ ಸೇರಿಸಿದ ರೀತಿಗೆ ನಮ್ಮವರು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೋನ ನೋಡಿದರು. ದಿಂಬಿನ ಮೇಲಿದ್ದ ನನ್ನ ನರೆಗೂದಲೊಂದನ್ನು ಬೆರಳಲ್ಲಿ ಸುತ್ತಿ ತೆಗೆದಳು. ಬಚ್ಚಲಿನಲ್ಲಿ ಮಂಡಿಯೂರಿ ನೆಲ ಒರೆಸಿದಳು. ಆಮೇಲೆ ನನ್ನ ಪಾದದ ಹತ್ತಿರ ಬಂದು ಆ ಒದ್ದೆ ಟವೆಲ್ಲಿಗೆ ಬಗ್ಗಿದಳು.

ನಾನೂ ಬಗ್ಗಿದ್ದೆ. ನನಗೆ ಗೊತ್ತಾಗಲೇ ಇಲ್ಲ. ನಮ್ಮವರು ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದು, ‘ಸುಮ್ನೆ ಕೂತ್ಕೊಳೇ,’ ಎಂದರು. ಕೂತೆ. ಮಾಲಿನಿ ಟವೆಲ್ ಎತ್ತಿಕೊಂಡಳು.

ಮೇಡಂ ಎದ್ದು ಮಂಚದ ಸುತ್ತ ಬಂದರು, ಬಚ್ಚಲಲ್ಲಿ ಇಣುಕಿದರು. ಇವತ್ತಿನದು ಬಹಳ ಚೆನ್ನಾಗಿದೆ ಎಂದರು. ಆದರೆ ನಿನ್ನೆಯದನ್ನು ಮರೆಯುವ ಹಾಗಿಲ್ಲ, ಮಿಕ್ಕ ಹುಡುಗಿಯರ ಹೆಸರಿನ ಮುಂದೆ ಒಂದು ಗೆರೆಯೂ ಇಲ್ಲ ಎಂದು ಪುಸ್ತಕ ತೆರೆದರು. ಬರೆಯುವ ಮೊದಲು, ಈ ಹುಡುಗಿಯ ಬಗ್ಗೆ ನಿಮ್ಮದೇನಾದರೂ ದೂರಿದೆಯೇ ಎಂದು ನಿಯಮದ ಪ್ರಕಾರ ನನ್ನನ್ನು ಕೇಳಿದರು.

ನಮ್ಮವರು ನನ್ನ ಕಡೆ ನೋಡಲಿಲ್ಲ. ತಡೆಯಲೂ ಇಲ್ಲ.

ದೂರು ನನ್ನ ಮೇಲೆಯೇ ಇದೆ ಎಂದೆ. ನನ್ನ ಶಾಲೆಯ ಇಂಗ್ಲಿಷಿನಲ್ಲಿ, ಎದ್ದು ನಿಂತು ಹೇಳಿದೆ. ನಿನ್ನೆ ಹಾಸಿಗೆ ಎತ್ತಿದ್ದು ನಾನು, ಟವೆಲ್ ಒಗೆದು ಕಂಬಿಗೆ ಹಾಕಿದ್ದೂ ನಾನು. ಸ್ವಂತ ಮನೆಯೆಂದು ತಿಳಿಯಿರಿ ಎಂದು ನೀವೇ ಅಂದಿರಿ, ನನ್ನ ಸ್ವಂತ ಮನೆಯಲ್ಲಿ ನಾನು ಹಾಗೇ ಮಾಡುವುದು. ಆ ಕೆಂಪು ಗೆರೆ ಈ ಹುಡುಗಿಯದಲ್ಲ.

ಮೇಡಂ ಮಾಲಿನಿಯ ಕಡೆ ತಿರುಗಿ, ನಿನ್ನೆಯೇ ಏಕೆ ಹೇಳಲಿಲ್ಲ ಎಂದರು. ಗೆಸ್ಟ್ ಮೇಲೆ ತಪ್ಪು ಹಾಕುವುದಿಲ್ಲ ಮೇಡಂ, ಎಂದಳು ಅವಳು, ತೋಳಿನ ತುಂಬ ನಮ್ಮ ಕೊಳೆ ಬಟ್ಟೆ ಹೊತ್ತು.

ಮೇಡಂ ಸಿಗರೇಟು ಹಚ್ಚಿದರು. ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

‘ನಿಮಗೆ ಮಕ್ಕಳಿದ್ದಾರೆಯೇ, ಮಿಸೆಸ್ ಚನ್ನರಾಯಪಟ್ಟಣ?’

‘ಒಬ್ಬಳೇ ಮಗಳು.’

‘ಏನು ಮಾಡುತ್ತಾಳೆ?’

ಮೂರು ವರ್ಷ ಬಾಯಿಪಾಠವಾಗಿದ್ದ ಉತ್ತರ ನಾಲಗೆಯ ತುದಿಗೆ ಬಂತು. ಒಂದೇ ಪದ, ಗೌರವದ ಪದ, ಮ್ಯಾನೇಜ್‌ಮೆಂಟ್. ಮಾಲಿನಿ ನನ್ನನ್ನು ನೋಡುತ್ತಿರಲಿಲ್ಲ. ಆಗ ತಾನೇ ಹಾಸಿದ ಹಾಸಿಗೆಯನ್ನು ನೋಡುತ್ತಿದ್ದಳು.

‘ಹೋಟೆಲಿನಲ್ಲಿ ಕೆಲಸ,’ ಎಂದೆ. ‘ಹಾಸಿಗೆ ಹಾಸುತ್ತಾಳೆ, ಬಚ್ಚಲು ತೊಳೆಯುತ್ತಾಳೆ. ನನಗಿಂತ ಚೆನ್ನಾಗಿ ಮಾಡುತ್ತಾಳೆ.’

ಮೇಡಂ ಪುಸ್ತಕದಲ್ಲಿ ಏನೋ ಹೊಡೆದುಹಾಕಿ, ಏನೋ ಬರೆದು, ಮುಚ್ಚಿದರು. ‘ಹಾಗಾದರೆ ನಿಮ್ಮ ಮಗಳಿಗೆ ತಿಳಿಸಿ, ಒಂದನೇ ತಾರೀಖಿನಿಂದ ಅವಳ ಕೆಲಸ ಖಾಯಂ. ಅವಳ ತಾಯಿಗೂ ತಿಳಿಸಿ, ಈ ಹೋಟೆಲಿನಲ್ಲಿ ಇನ್ನು ಮುಂದೆ ಅವರಿಗೆ ಕೋಣೆ ಇಲ್ಲ.’ ಒಂಟಿ ಗೆಜ್ಜೆ ಸದ್ದು ಮಾಡುತ್ತ ಹೊರಟುಹೋದರು.

ನಮ್ಮವರು ಕನ್ನಡಕ ತೆಗೆದು ನನ್ನ ಸೆರಗಿನಲ್ಲೇ ಒರೆಸಲು ಶುರುಮಾಡಿದರು. ನಾನು ಅಳುತ್ತಿದ್ದೆ. ಸೆರಗು ಇನ್ನೂ ಅವರ ಕೈಯಲ್ಲಿತ್ತು, ಕಣ್ಣೊರೆಸಿಕೊಳ್ಳಲು ಏನೂ ಇರಲಿಲ್ಲ. ಮಾಲಿನಿ ಕೊಳೆ ಬಟ್ಟೆ ಕೆಳಗಿಟ್ಟು, ಬಾಗಿಲ ಹೊರಗೆ ನಿಲ್ಲಿಸಿದ್ದ ಬಟ್ಟೆಗಾಡಿಯಿಂದ ಒಗೆದ ಬಿಳಿ ಟವೆಲ್ಲೊಂದನ್ನು ತಂದು ಎರಡೂ ಕೈಯಲ್ಲಿ ಚಾಚಿದಳು. ಬಾಗಿಲು ತೆರೆದೇ ಇತ್ತು.

‘ಇನ್ನೇನಾದರೂ ಬೇಕೇ, ಮಿಸೆಸ್ ಚನ್ನರಾಯಪಟ್ಟಣ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಇನ್ನೇನೂ ಬೇಡ ಎಂದೆ. ಮುಖ ಒರೆಸಿಕೊಂಡು, ಟವೆಲ್ಲನ್ನು ಮಡಿಸದೆ ಅವಳ ಕೈಗೆ ಕೊಟ್ಟೆ.